ಕಂಪ್ಯೂಟರ್ ಎದ್ದು ಎಷ್ಟು ಹೊತ್ತಾಯಿತು?

ಮಕ್ಕಳೇ, ನಿಮ್ಮ ತರಗತಿಯ ಕಪ್ಪುಹಲಗೆಯ ಮೂಲೆಯಲ್ಲಿ ಪ್ರತಿದಿನ ದಿನಾಂಕ, ಒಟ್ಟು ಮಕ್ಕಳು, ಹಾಜರಾದವರು ಎಂದು ಬರೆದಿರುತ್ತಾರಲ್ಲವೆ? ಹೊರಗಿನಿಂದ ಬಂದವರು ಯಾರನ್ನೂ ಕೇಳಬೇಕಾಗಿಲ್ಲ. ಆ ಮೂಲೆಯತ್ತ ಕಣ್ಣು ಹಾಯಿಸಿದರೆ ತರಗತಿಯ ಸ್ಥಿತಿ ತಿಳಿಯುತ್ತದೆ. ಕಂಪ್ಯೂಟರಿನೊಳಗೂ ಇಂಥದೊಂದು ಮೂಲೆ ಇದೆ. ತಾನು ಎದ್ದು ಎಷ್ಟು ಹೊತ್ತಾಯಿತು, ತನ್ನನ್ನು ಈಗ ಎಷ್ಟು ಮಂದಿ ಬಳಸುತ್ತಿದ್ದಾರೆ, ತನ್ನ ಮುಂದೆ ಎಷ್ಟು ಕೆಲಸ ಸಾಲುಗಟ್ಟಿ ನಿಂತಿದೆ ಎಂಬ ಮೂರು ಲೆಕ್ಕಗಳನ್ನು ಅದು ಸದಾ ಇಟ್ಟುಕೊಂಡಿರುತ್ತದೆ. ಕೇಳಿದರೆ ಒಂದೇ ಸಾಲಿನಲ್ಲಿ ಹೇಳುತ್ತದೆ. ಕೇಳುವುದು ಹೇಗೆಂದು ನಾನು ಕಲಿತದ್ದು ಒಂದು ತಪ್ಪು ಮಾಡಿದ ಮೇಲೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಶಿಕ್ಷಕರ ತರಬೇತಿಯೊಂದಕ್ಕೆ ಪಾಠ ಮಾಡಲು ಹೋಗಿದ್ದೆ. ಅಲ್ಲಿ ನಿಜವಾದ ಕಂಪ್ಯೂಟರ್ ಇದ್ದದ್ದು ಒಂದೇ. ಅದಕ್ಕೆ ತಂತಿಯ ಮೂಲಕ ಹಲವು ಪರದೆಗಳನ್ನೂ ಕೀಲಿಮಣೆಗಳನ್ನೂ ಜೋಡಿಸಿದ್ದರು. ಖರ್ಚು ಕಡಿಮೆ ಮಾಡಲು ಶಾಲೆಗಳಲ್ಲಿ ಇಂಥ ಏರ್ಪಾಡು ಮಾಡುವುದುಂಟು. ಒಲೆ ಒಂದೇ, ಊಟದ ಎಲೆ ಹಲವು ಎಂದುಕೊಳ್ಳಿ. ಪಾಠದ ಮಧ್ಯೆ ಎಲ್ಲ ಪರದೆಗಳೂ ಇದ್ದಕ್ಕಿದ್ದಂತೆ ನಿಧಾನವಾದವು. ಬಾಣದ ಗುರುತು ಆಮೆಯಂತೆ ತೆವಳತೊಡಗಿತು. ಯಂತ್ರ ಕೆಟ್ಟಿತೆಂದು ನಾನು ಪೆಟ್ಟಿಗೆಯ ಗುಂಡಿಯನ್ನು ಒತ್ತಿ ಹಿಡಿದು ಆರಿಸಿಬಿಟ್ಟೆ. ಮತ್ತೆ ಹೊತ್ತಿಸಿದೆ. ಸರಿಯಾಯಿತು ಎಂದು ನಾನು ಬೀಗುತ್ತಿರುವಾಗಲೇ ಪಕ್ಕದ ಕೋಣೆಯಿಂದ ಶಿಕ್ಷಕಿಯೊಬ್ಬರು ಓಡಿ ಬಂದರು. "ಯಾರು ಸಾರ್ ಆಫ್ ಮಾಡಿದ್ದು? ಏಳನೇ ತರಗತಿ ಅಂಕ ಎಲ್ಲ ಹಾಕ್ತಾ ಇದ್ದೆ, ಇನ್ನೂ ಸೇವ್ ಮಾಡಿರಲಿಲ್ಲ!" ಅವರ ಕೋಣೆಯಲ್ಲಿದ್ದ ಪರದೆಯೂ ಇದೇ ಪೆಟ್ಟಿಗೆಗೆ ಸೇರಿದ್ದೆಂಬುದು ನನಗೆ ಗೊತ್ತೇ ಇರಲಿಲ್ಲ.

ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹುಡುಗ ಬಂದು ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಪದ ಟೈಪ್ ಮಾಡಿದ. ಬಂದ ಉತ್ತರದಲ್ಲಿ "6 ನಿಮಿಷ" ಎಂದಿತ್ತು. ಅಂದರೆ ಯಂತ್ರ ಎದ್ದು ಆರೇ ನಿಮಿಷವಾಗಿತ್ತು. ನನ್ನ ತಪ್ಪಿಗೆ ಯಂತ್ರವೇ ಸಾಕ್ಷಿ ಹೇಳಿತ್ತು! "ಸಾರ್, ಆರಿಸೋಕೆ ಮುಂಚೆ ಒಂದ್ಸಲ ಇದನ್ನ ಕೇಳ್ಬಾರ್ದಿತ್ತಾ?" ಎಂದ. ನಾನು ಎಂ.ಎಸ್ಸಿ. ಓದಿದವನು, ಆದರೂ ಆ ಪದ ನನಗೆ ತಿಳಿದಿರಲಿಲ್ಲ. ಮೇಡಂ ಜೊತೆ ಕುಳಿತು ಸಂಜೆಯವರೆಗೆ ಅಂಕಗಳನ್ನು ಓದಿ ಹೇಳುವುದು ನನ್ನ ಪಾಲಿಗೆ ಬಂತು.

ಒಂದು ಪದ, ಒಂದು ಸಾಲು

ಆ ಪದ ಅಪ್‌ಟೈಮ್. ಇಂಗ್ಲಿಷಿನ ಯು, ಪಿ, ಟಿ, ಐ, ಎಂ, ಇ ಎಂಬ ಆರು ಸಣ್ಣಕ್ಷರಗಳನ್ನು ಜಾಗ ಬಿಡದೆ ಒತ್ತಬೇಕು. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆ ಇರುವ ಕಂಪ್ಯೂಟರಿನಲ್ಲಿ ಟರ್ಮಿನಲ್ ಎಂಬ ಕಿಟಕಿ ಇರುತ್ತದೆ. ಉಬುಂಟು ಇದ್ದರೆ ಕಂಟ್ರೋಲ್, ಆಲ್ಟ್, ಟಿ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ಅಲ್ಲಿ ಚಿತ್ರಗಳಿಲ್ಲ, ಗುಂಡಿಗಳಿಲ್ಲ. ನಾವು ಪದ ಬರೆದು ಎಂಟರ್ ಒತ್ತಬೇಕು, ಅದು ಪದಗಳಲ್ಲೇ ಉತ್ತರಿಸುತ್ತದೆ. ಇದನ್ನೇ ಆದೇಶ ಸಾಲು ಅಥವಾ ಕಮಾಂಡ್ ಲೈನ್ ಎನ್ನುವುದು. ಇಲ್ಲಿ ಹೇಳುವ ಆದೇಶಗಳು ಯಂತ್ರದಲ್ಲಿ ಏನನ್ನೂ ಬದಲಿಸುವುದಿಲ್ಲ, ಇದ್ದದ್ದನ್ನು ಓದಿ ಹೇಳುತ್ತವೆ ಅಷ್ಟೆ. ಆದ್ದರಿಂದ ಹೆದರಿಕೆ ಬೇಡ.

ಹಲವು ಪರದೆಗಳಿರುವ ಒಂದು ಕೋಣೆಯಲ್ಲಿ ಈ ಆದೇಶ ಕೊಟ್ಟರೆ ಇಂಥ ಉತ್ತರ ಬರಬಹುದು. ಪರದೆಯ ಮೇಲಿನ ಇಂಗ್ಲಿಷನ್ನು ಇಲ್ಲಿ ಕನ್ನಡ ಅಕ್ಷರಗಳಲ್ಲಿ ಬರೆದಿದ್ದೇನೆ:

11:20:36 ಅಪ್ 2:05, 9 ಯೂಸರ್ಸ್, ಲೋಡ್ ಆವರೇಜ್: 5.80, 3.10, 1.40

ಮೊದಲನೆಯದು ಈಗಿನ ಸಮಯ. ಎರಡನೆಯದು ಎದ್ದಾಗಿನಿಂದ ಕಳೆದ ಹೊತ್ತು, 2 ಗಂಟೆ 5 ನಿಮಿಷ. ಹಾಗಾದರೆ ಯಂತ್ರವನ್ನು ಹೊತ್ತಿಸಿದ್ದು ಎಷ್ಟು ಗಂಟೆಗೆ? ಕಳೆದು ನೋಡಿ. ಒಂಬತ್ತೂಕಾಲು ಎಂದರೆ ಸರಿ. ಆಮೇಲೆ ಬರುವುದು ಬಳಕೆದಾರರ ಸಂಖ್ಯೆ. ಕೊನೆಯ ಮೂರು ಅಂಕಿಗಳು ಹೊರೆಯ ಲೆಕ್ಕ. ಈ ಸಾಲಿನಲ್ಲಿ ನಿಜವಾದ ಸ್ವಾರಸ್ಯ ಇರುವುದು ಅಲ್ಲಿಯೇ.

ಬಿಸಿಯೂಟದ ಸಾಲು

ಮಧ್ಯಾಹ್ನ ಬಿಸಿಯೂಟಕ್ಕೆ ನೀವು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತೀರಿ. ಬಡಿಸುವ ಅಕ್ಕ ಒಬ್ಬರೇ ಇದ್ದಾರೆ. ಅವರ ಮುಂದೆ ಒಬ್ಬ ಹುಡುಗ ತಟ್ಟೆ ಒಡ್ಡಿದ್ದಾನೆ, ಅವನ ಹಿಂದೆ ಐವರು ಕಾಯುತ್ತಿದ್ದಾರೆ. ಬಡಿಸಿಕೊಳ್ಳುತ್ತಿರುವವನನ್ನೂ ಸೇರಿಸಿ ಎಣಿಸಿದರೆ ಆರು. ಕಂಪ್ಯೂಟರಿನ ಹೊರೆ ಎಂದರೆ ಇದೇ ಎಣಿಕೆ. ಸೌಟು ಹಿಡಿದವರ ಜಾಗದಲ್ಲಿ ಸಂಸ್ಕಾರಕ, ತಟ್ಟೆ ಹಿಡಿದವರ ಜಾಗದಲ್ಲಿ ತಂತ್ರಾಂಶದ ಕೆಲಸಗಳು. ಈಗ ನಡೆಯುತ್ತಿರುವ ಕೆಲಸವನ್ನೂ ಸರದಿಗಾಗಿ ಕಾಯುತ್ತಿರುವ ಕೆಲಸಗಳನ್ನೂ ಕೂಡಿದರೆ ಆ ಕ್ಷಣದ ಹೊರೆ.

ಆರು ಎಂದರೆ ಹೆಚ್ಚೋ ಕಡಿಮೆಯೋ? ಬಡಿಸುವವರು ಎಷ್ಟು ಮಂದಿ ಎಂದು ತಿಳಿಯದೆ ಹೇಳುವಂತಿಲ್ಲ. ಆರು ಮಂದಿ ಬಡಿಸುತ್ತಿದ್ದರೆ ಯಾರೂ ಕಾಯಬೇಕಾಗಿಲ್ಲ. ಒಬ್ಬರೇ ಇದ್ದರೆ ಐವರು ಕಾಯುತ್ತಾರೆ. ಈಗಿನ ಸಂಸ್ಕಾರಕಗಳಲ್ಲಿ ಕೋರ್ ಎಂಬ ಭಾಗಗಳು ಎರಡು, ನಾಲ್ಕು, ಎಂಟು ಹೀಗೆ ಇರುತ್ತವೆ. ಒಂದೊಂದು ಕೋರೂ ಸೌಟು ಹಿಡಿದ ಒಬ್ಬೊಬ್ಬರಿದ್ದಂತೆ. ಎನ್, ಪಿ, ಆರ್, ಓ, ಸಿ ಎಂದು ಟೈಪ್ ಮಾಡಿದರೆ ಸೌಟು ಎಷ್ಟಿವೆ ಎಂಬುದನ್ನೂ ಲಿನಕ್ಸ್ ಹೇಳುತ್ತದೆ. ಹೊರೆಯನ್ನು ಆ ಸಂಖ್ಯೆಯಿಂದ ಭಾಗಿಸಿ. ನಮ್ಮ ಯಂತ್ರದಲ್ಲಿ ಎರಡು ಕೋರ್ ಇವೆ ಎಂದಿಟ್ಟುಕೊಳ್ಳೋಣ. 5.80 ಭಾಗಿಸು 2 ಎಂದರೆ 2.90. ಒಂದೊಂದು ಸೌಟಿನ ಮುಂದೆ ಹೆಚ್ಚುಕಡಿಮೆ ಮೂರು ತಟ್ಟೆ. ಯಂತ್ರ ನಿಧಾನವಾದದ್ದರಲ್ಲಿ ಆಶ್ಚರ್ಯವಿಲ್ಲ. ಅದು ಕೆಟ್ಟಿಲ್ಲ, ಕೆಲಸ ಹೆಚ್ಚಾಗಿದೆ. ನಾನು ಗುಂಡಿ ಒತ್ತಿದ ದಿನವೂ ಇದೇ ಆಗಿತ್ತು. ಎಲ್ಲರೂ ಒಟ್ಟಿಗೆ ಚಿತ್ರ ಬಿಡಿಸುವ ತಂತ್ರಾಂಶವನ್ನು ತೆರೆಯಿರಿ ಎಂದು ಹೇಳಿದವನೂ ನಾನೇ.

ಇನ್ನೊಂದು ಸಂದರ್ಭ ಇದೆ. ಸೌಟು ಹಿಡಿದವರ ಕೈ ಖಾಲಿಯಾಗಿದೆ, ಆದರೂ ಸಾಲು ಉದ್ದವಾಗಿದೆ. ಏಕೆ? ಸಾರು ಇನ್ನೂ ಒಲೆಯ ಮೇಲಿದೆ, ತಂದಿಲ್ಲ. ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕಿನಿಂದ ಮಾಹಿತಿ ಬರುವುದನ್ನು ಕಾಯುತ್ತ ಕೆಲಸಗಳು ಹೀಗೆಯೇ ನಿಲ್ಲುತ್ತವೆ. ಯೂನಿಕ್ಸ್ ಮಾದರಿಯ ಅನೇಕ ವ್ಯವಸ್ಥೆಗಳು ಇವುಗಳನ್ನು ಹೊರೆಯಲ್ಲಿ ಸೇರಿಸುವುದಿಲ್ಲ. ಲಿನಕ್ಸ್ ಮಾತ್ರ 1993ರಿಂದ ಸೇರಿಸುತ್ತ ಬಂದಿದೆ. ಊಟ ಸಿಗದ ಮಗುವಿಗೆ ಸೌಟು ತಡವಾದರೇನು, ಸಾರು ತಡವಾದರೇನು, ಹಸಿವು ಒಂದೇ ಅಲ್ಲವೆ? ಆದ್ದರಿಂದ ಲಿನಕ್ಸಿನಲ್ಲಿ ಹೊರೆಯ ಅಂಕಿ ದೊಡ್ಡದಾಗಿದ್ದ ಮಾತ್ರಕ್ಕೆ ಸಂಸ್ಕಾರಕಕ್ಕೇ ಬಿಡುವಿಲ್ಲ ಎಂದು ತೀರ್ಮಾನಿಸಬಾರದು. ಹಳೆಯ ಡಿಸ್ಕ್ ಕೂಡ ಕಾರಣವಿರಬಹುದು.

ಮೂರು ಅಂಕಿ ಏಕೆ?

ಸಾಲಿನ ಉದ್ದ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಈಗ ಆರು, ಮರುಕ್ಷಣ ಎರಡು. ಹಾಗಾಗಿ ಯಂತ್ರ ಸರಾಸರಿಯನ್ನು ಹೇಳುತ್ತದೆ. ಮೊದಲ ಅಂಕಿ ಸುಮಾರು ಒಂದು ನಿಮಿಷದ್ದು, ಎರಡನೆಯದು ಐದು ನಿಮಿಷದ್ದು, ಮೂರನೆಯದು ಹದಿನೈದು ನಿಮಿಷದ್ದು. ಆದರೆ ಇದು ನಿಮ್ಮ ಗಣಿತ ಪುಸ್ತಕದ ಸರಾಸರಿ ಅಲ್ಲ. ಎಲ್ಲವನ್ನೂ ಕೂಡಿ ಸಂಖ್ಯೆಯಿಂದ ಭಾಗಿಸಬೇಕಾದರೆ ಹಿಂದಿನ ಎಣಿಕೆಗಳನ್ನೆಲ್ಲ ನೆನಪಿಟ್ಟುಕೊಳ್ಳಬೇಕು. ಲಿನಕ್ಸ್ ಅಷ್ಟು ಕಷ್ಟಪಡುವುದಿಲ್ಲ. ಸುಮಾರು 5 ಸೆಕೆಂಡಿಗೊಮ್ಮೆ ಸಾಲನ್ನು ಎಣಿಸುತ್ತದೆ. ಹಳೆಯ ಸರಾಸರಿಯ 100ರಲ್ಲಿ 92 ಪಾಲು, ಹೊಸ ಎಣಿಕೆಯ 100ರಲ್ಲಿ 8 ಪಾಲು ತೆಗೆದುಕೊಂಡು ಕೂಡಿಸುತ್ತದೆ. ಒಂದು ನಿಮಿಷದ ಅಂಕಿ ಸಿದ್ಧ. ಐದು ಮತ್ತು ಹದಿನೈದು ನಿಮಿಷದ ಅಂಕಿಗಳಲ್ಲಿ ಹಳೆಯದರ ಪಾಲು ಇನ್ನೂ ಹೆಚ್ಚು, ಹೊಸದರ ಪಾಲು ಕಡಿಮೆ.

ಕಾಗದದ ಮೇಲೆ ಮಾಡಿ ನೋಡಿ. ಯಂತ್ರ ಸುಮ್ಮನಿತ್ತು, ಸರಾಸರಿ 0. ಈಗ ಒಂದು ಕೆಲಸ ಬಂದು ಬಿಡದೆ ನಡೆಯತೊಡಗಿತು, ಅಂದರೆ ಪ್ರತಿ ಎಣಿಕೆಯೂ 1. ಐದು ಸೆಕೆಂಡಿನ ನಂತರ ಸರಾಸರಿ 0.08. ಹತ್ತು ಸೆಕೆಂಡಿನ ನಂತರ 0.08ರ 92 ಪಾಲು, ಅದಕ್ಕೆ 0.08 ಕೂಡಿಸಿದರೆ ಸುಮಾರು 0.15. ಆಮೇಲೆ 0.22, 0.28, 0.34... ಹೀಗೆ ಹನ್ನೆರಡು ಸಲ ಮಾಡಿದರೆ ಒಂದು ನಿಮಿಷ ತುಂಬುತ್ತದೆ. ಆಗ ಬರುವ ಉತ್ತರ 1 ಅಲ್ಲ, ಸುಮಾರು 0.63! ಐದು ನಿಮಿಷ ಬಿಟ್ಟು ನೋಡಿದರೆ ಮೊದಲ ಅಂಕಿ 1ಕ್ಕೆ ತೀರ ಹತ್ತಿರ ಬಂದಿರುತ್ತದೆ, ಎರಡನೆಯದು ಆಗ 0.63ರಲ್ಲಿರುತ್ತದೆ, ಮೂರನೆಯದು 0.28ರ ಆಸುಪಾಸಿನಲ್ಲಿ.

ಅಡುಗೆಮನೆಯಲ್ಲಿ ಇದನ್ನು ನೀವು ಕಂಡಿದ್ದೀರಿ. ತೆಳು ಅಲ್ಯೂಮಿನಿಯಂ ಪಾತ್ರೆ ಬೇಗ ಕಾಯುತ್ತದೆ, ಒಲೆಯಿಂದ ಇಳಿಸಿದರೆ ಬೇಗ ಆರುತ್ತದೆ. ರೊಟ್ಟಿ ಹಂಚಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ದಪ್ಪ ಮಣ್ಣಿನ ಮಡಕೆ ಕಾಯುವುದೂ ನಿಧಾನ, ಆರುವುದೂ ನಿಧಾನ. ಮೂರನ್ನೂ ಮುಟ್ಟಿ ನೋಡಿದರೆ ಒಲೆಗೆ ಬೆಂಕಿ ಈಗ ತಾನೇ ಹಾಕಿದ್ದೋ, ಆಗಲೇ ಆರಿಸಿದ್ದೋ ಊಹಿಸಬಹುದು. (ಕಾದದ್ದನ್ನು ಮುಟ್ಟಿ ಕೈ ಸುಟ್ಟುಕೊಳ್ಳಬೇಡಿ, ಇದು ಬರೀ ಹೋಲಿಕೆ.)

ಈಗ ನಮ್ಮ ಸಾಲಿಗೆ ಮರಳೋಣ. 5.80, 3.10, 1.40. ತೆಳು ಪಾತ್ರೆ ಚೆನ್ನಾಗಿ ಕಾದಿದೆ, ಮಡಕೆ ಇನ್ನೂ ಬೆಚ್ಚಗಾಗುತ್ತಿದೆ. ಬೆಂಕಿ ಇತ್ತೀಚಿನದು. ಲೆಕ್ಕ ಹಾಕಿದರೆ ಸುಮಾರು ನಾಲ್ಕು ನಿಮಿಷದ ಹಿಂದೆ ಆರು ಕೆಲಸಗಳು ಒಟ್ಟಿಗೆ ಆರಂಭವಾಗಿರಬೇಕು ಎನಿಸುತ್ತದೆ. ಸ್ವಲ್ಪ ಹೊತ್ತಿನ ನಂತರ ಅದೇ ಯಂತ್ರ 0.25, 2.75, 4.10 ಎಂದು ಹೇಳಿದರೆ? ತೆಳು ಪಾತ್ರೆ ಆರಿದೆ, ಮಡಕೆ ಮಾತ್ರ ಬಿಸಿ. ಗಲಾಟೆ ಮುಗಿದು ಮೂರು ನಿಮಿಷವಾಗಿದೆ, ಇನ್ನು ಏನೂ ಮಾಡಬೇಕಾಗಿಲ್ಲ. ಮೂರೂ ಅಂಕಿಗಳು ಒಂದೇ ರೀತಿ ದೊಡ್ಡದಾಗಿದ್ದರೆ ಮಾತ್ರ ಯೋಚಿಸಬೇಕು. ಆಗಲೂ ಮೊದಲು ನೋಡಬೇಕಾದದ್ದು ಯಾವ ಕೆಲಸ ಹೀಗೆ ಮಾಡುತ್ತಿದೆ ಎಂಬುದನ್ನು, ಗುಂಡಿಯನ್ನಲ್ಲ.

ಇನ್ನೊಂದು ಗುಟ್ಟು. ಅಪ್‌ಟೈಮ್ ಆದೇಶ ತಾನಾಗಿ ಏನನ್ನೂ ಅಳೆಯುವುದಿಲ್ಲ. ಲಿನಕ್ಸಿನ ತಿರುಳು ಪ್ರಾಕ್ ಎಂಬ ಕಡತಕೋಶದಲ್ಲಿ ಈ ಲೆಕ್ಕಗಳನ್ನು ತೋರಿಸುತ್ತದೆ, ಆದೇಶ ಅದನ್ನು ಓದುತ್ತದೆ. ಅಲ್ಲಿರುವ ಅಪ್‌ಟೈಮ್ ಎಂಬ ಕಡತವನ್ನು ನಾವೇ ತೆರೆದರೆ ಎರಡೇ ಸಂಖ್ಯೆ. ನಮ್ಮ ಉದಾಹರಣೆಯ ಯಂತ್ರದಲ್ಲಿ 7536 ಮತ್ತು 13980 ಇದ್ದವೆನ್ನಿ (ದಶಾಂಶ ಬಿಟ್ಟಿದ್ದೇನೆ). ಮೊದಲನೆಯದು ಎದ್ದು ಎಷ್ಟು ಸೆಕೆಂಡಾಯಿತು ಎಂಬುದು: 2 ಗಂಟೆ 5 ನಿಮಿಷ 36 ಸೆಕೆಂಡು. ಎರಡನೆಯದು ಕೋರ್‌ಗಳು ಕೆಲಸವಿಲ್ಲದೆ ಕುಳಿತ ಒಟ್ಟು ಹೊತ್ತು. ಎರಡು ಕೋರ್ ಇರುವುದರಿಂದ ಒಟ್ಟು ಸಿಕ್ಕ ಹೊತ್ತು 15072 ಸೆಕೆಂಡು. ಅದರಲ್ಲಿ 13980 ಸೆಕೆಂಡು ಬಿಡುವು. ಅಂದರೆ ನೂರರಲ್ಲಿ ಸುಮಾರು 93 ಪಾಲು ಯಂತ್ರ ಸುಮ್ಮನೆ ಕುಳಿತಿತ್ತು! ಬೆಳಗಿನಿಂದ ಬಿಡುವಾಗಿದ್ದು ನಾಲ್ಕು ನಿಮಿಷ ಮಾತ್ರ ತಿಣುಕಿದ ಯಂತ್ರವನ್ನು ಕೆಟ್ಟದ್ದು ಎನ್ನುವುದು ಯಾವ ನ್ಯಾಯ?

ಯಾರ್ಯಾರು ಇದ್ದಾರೆ?

ನಮ್ಮ ಸಾಲಿನಲ್ಲಿ 9 ಬಳಕೆದಾರರು ಎಂದಿತ್ತು. ಕೋಣೆಯಲ್ಲಿ ಎಣಿಸಿದರೆ ಎಂಟೇ ಜನ. ಒಂಬತ್ತನೆಯವರು ಯಾರು? ಇದನ್ನು ತಿಳಿಯಲು ಹೂ ಎಂಬ ಆದೇಶ ಇದೆ. ಕನ್ನಡದ ಹೂವಲ್ಲ, ಇಂಗ್ಲಿಷಿನಲ್ಲಿ ಯಾರು ಎಂದು ಕೇಳುವ ಪದ: ಡಬ್ಲ್ಯು, ಎಚ್, ಓ. ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ಬಳಕೆದಾರರ ಹೆಸರು, ಯಾವ ಪರದೆ, ಯಾವಾಗ ಒಳಬಂದರು ಎಂಬುದನ್ನು ಅದು ತೋರಿಸುತ್ತದೆ. ಡಬ್ಲ್ಯು ಎಂಬ ಒಂದೇ ಅಕ್ಷರವೂ ಒಂದು ಆದೇಶ. ಅದು ಮೊದಲ ಸಾಲಿನಲ್ಲಿ ಅಪ್‌ಟೈಮಿನ ಉತ್ತರವನ್ನೇ ಕೊಟ್ಟು, ಕೆಳಗೆ ಯಾರು ಎಷ್ಟು ಹೊತ್ತಿನಿಂದ ಕೀಲಿ ಮುಟ್ಟಿಲ್ಲ, ಏನು ನಡೆಸುತ್ತಿದ್ದಾರೆ ಎಂಬುದನ್ನೂ ಹೇಳುತ್ತದೆ.

ಇಲ್ಲಿ ಎಚ್ಚರ ಬೇಕು. ಈ ಸಂಖ್ಯೆ ಮನುಷ್ಯರ ಸಂಖ್ಯೆಯಲ್ಲ, ಒಳಬಂದ ದಾಖಲೆಗಳ ಸಂಖ್ಯೆ. ಒಬ್ಬರೇ ಎರಡು ಕಡೆ ಒಳಬಂದಿದ್ದರೆ ಎರಡು ಎಂದು ತೋರಿಸಬಹುದು. ಬೇರೆ ಊರಿನಿಂದ ಜಾಲದ ಮೂಲಕ ಬಂದವರೂ ಇರಬಹುದು. ಕೀಲಿ ಮುಟ್ಟಿ ಒಂದು ಗಂಟೆಯಾಗಿದೆ ಎಂದಿದ್ದರೆ ಅವರು ಚಹಾ ಕುಡಿಯಲು ಹೋಗಿರಬಹುದು, ಉಳಿಸದ ಕಡತವನ್ನು ತೆರೆದಿಟ್ಟೇ ಹೋಗಿರಬಹುದು. ಅಂದು ನಾನು ಹೂ ಎಂದು ಕೇಳಿದ್ದರೆ ಆ ಮೇಡಂ ಹೆಸರು ಕಣ್ಣಿಗೆ ಬೀಳುತ್ತಿತ್ತು. ಪಕ್ಕದ ಕೋಣೆಗೆ ಹತ್ತು ಹೆಜ್ಜೆ.

ಈ ಪ್ರಶ್ನೆ ಹಳೆಯದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ರೂಪಿಸಿದ ಯೂನಿಕ್ಸಿನ 1971ರ ಮೊದಲ ಆವೃತ್ತಿಯಲ್ಲೇ ಹೂ ಆದೇಶ ಇತ್ತು. ಆಗ ಒಂದು ಕಂಪ್ಯೂಟರಿನ ಬೆಲೆ ಬಹಳ. ಹಲವರು ಹಲವು ಕೋಣೆಗಳಲ್ಲಿ ಕುಳಿತು ಒಂದನ್ನೇ ಹಂಚಿಕೊಳ್ಳುತ್ತಿದ್ದರು, ನಮ್ಮ ತರಬೇತಿ ಕೊಠಡಿಯ ಹಾಗೆ! ಹೊರೆಯ ಸರಾಸರಿಯೂ ಅದೇ ಕಾಲದ್ದು. ಟೆನೆಕ್ಸ್ ಎಂಬ ಹಂಚಿಕೆಯ ವ್ಯವಸ್ಥೆಯಲ್ಲಿ ಅದು ಬಳಕೆಯಲ್ಲಿತ್ತು. 1973ರ ಜುಲೈ ತಿಂಗಳ ಟೆನೆಕ್ಸ್ ಹೊರೆಯ ದಾಖಲೆ ಇಂದಿಗೂ ಓದಲು ಸಿಗುತ್ತದೆ. ಅಪ್‌ಟೈಮ್ ಮತ್ತು ಡಬ್ಲ್ಯು ಬಂದದ್ದು ಆ ದಶಕದ ಕೊನೆಗೆ, ಬರ್ಕ್ಲಿ ವಿಶ್ವವಿದ್ಯಾಲಯದ ಯೂನಿಕ್ಸಿನಲ್ಲಿ. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಆರಂಭಿಸಿದ ಮೇಲೆ ಇವು ಅಲ್ಲಿಗೂ ಬಂದವು.

ಎಣಿಕೆ ತುಂಬಿದಾಗ

ಎದ್ದ ಹೊತ್ತನ್ನು ಯಂತ್ರ ಎಣಿಸುವುದು ಒಂದು ಪೆಟ್ಟಿಗೆಯಲ್ಲಿ. ಪೆಟ್ಟಿಗೆ ತುಂಬಿದರೆ ಏನಾಗುತ್ತದೆ? ಸ್ಕೂಟರಿನ ಕಿಲೋಮೀಟರ್ ಮೀಟರ್ 99999 ಆದ ಮೇಲೆ ಮತ್ತೆ 00000 ಆಗುವಂತೆ ಎಣಿಕೆ ಸೊನ್ನೆಗೆ ಮರಳುತ್ತದೆ. 32 ಬಿಟ್‌ಗಳ ಪೆಟ್ಟಿಗೆಯಲ್ಲಿ 4,29,49,67,296 ಎಣಿಕೆಗೆ ಜಾಗ. ಹಳೆಯ ಲಿನಕ್ಸ್ ಸೆಕೆಂಡಿಗೆ 100ರಂತೆ ಎಣಿಸುತ್ತಿತ್ತು. ನೂರರಿಂದ ಭಾಗಿಸಿ, ದಿನಕ್ಕೆ 86,400 ಸೆಕೆಂಡಿನಂತೆ ಮತ್ತೆ ಭಾಗಿಸಿ. 497 ದಿನ. ಅಷ್ಟು ದಿನ ಆರದೆ ನಡೆದ ಯಂತ್ರ ಮರುದಿನ ತಾನು ಈಗ ತಾನೇ ಎದ್ದೆ ಎನ್ನುತ್ತಿತ್ತು. ಈಗಿನ ಲಿನಕ್ಸಿನಲ್ಲಿ ಪೆಟ್ಟಿಗೆ 64 ಬಿಟ್‌ಗಳದ್ದು, ಆ ತೊಂದರೆ ಇಲ್ಲ. ವಿಂಡೋಸ್ 95 ಮತ್ತು 98ರಲ್ಲಿ ಸೆಕೆಂಡಿಗೆ 1000 ಎಣಿಕೆ ಇದ್ದುದರಿಂದ 49.7 ದಿನಕ್ಕೇ ಪೆಟ್ಟಿಗೆ ತುಂಬಿ ಯಂತ್ರ ಸ್ತಬ್ಧವಾಗಬಹುದಿತ್ತು. ಅಷ್ಟು ದಿನ ಬಿಡದೆ ಅವನ್ನು ನಡೆಸಿದವರು ಕಡಿಮೆ ಎಂಬುದು ಬೇರೆ ಮಾತು.

ಇದು ತಮಾಷೆಯ ಸಂಗತಿಯಷ್ಟೇ ಅಲ್ಲ. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಬೋಯಿಂಗ್ 787 ವಿಮಾನಗಳಿಗೆ ಒಂದು ಕಡ್ಡಾಯ ಸೂಚನೆ ಹೊರಡಿಸಿತು. ವಿಮಾನದ ವಿದ್ಯುಜ್ಜನಕಗಳನ್ನು ನಿಯಂತ್ರಿಸುವ ಘಟಕಗಳು 248 ದಿನ ಬಿಡದೆ ಚಾಲೂ ಇದ್ದರೆ ಒಳಗಿನ ಎಣಿಕೆ ತುಂಬಿ, ಘಟಕಗಳೆಲ್ಲ ಒಟ್ಟಿಗೆ ಕೈಬಿಡಬಹುದು, ವಿಮಾನದ ಎ.ಸಿ. ವಿದ್ಯುತ್ತೆಲ್ಲ ನಿಂತುಹೋಗಬಹುದು ಎಂಬುದು ಪ್ರಯೋಗಾಲಯದ ಪರೀಕ್ಷೆಯಲ್ಲಿ ಕಂಡುಬಂದಿತ್ತು. ತಂತ್ರಾಂಶ ಸರಿಯಾಗುವವರೆಗೆ ಹೇಳಿದ ಪರಿಹಾರ ಬಲು ಸರಳ: ಆಗಾಗ ಆರಿಸಿ ಹೊತ್ತಿಸಿ. 32 ಬಿಟ್‌ನ ಅರ್ಧ, ಅಂದರೆ ಸುಮಾರು 214 ಕೋಟಿ ಎಣಿಕೆಯನ್ನು ಸೆಕೆಂಡಿಗೆ 100ರಂತೆ ಭಾಗಿಸಿ ನೋಡಿ, ಎಷ್ಟು ದಿನ ಬರುತ್ತದೆ?

ಲಿನಕ್ಸ್ ಇಲ್ಲದಿದ್ದರೆ

ವಿಂಡೋಸ್ 10 ಅಥವಾ 11 ಇದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟದಲ್ಲಿ ಸಿ.ಪಿ.ಯು. ಕೆಳಗೆ ಅಪ್ ಟೈಮ್ ನೋಡಿ. ಒಂದು ವಿಚಿತ್ರ ಕಾಣಬಹುದು. ನಿನ್ನೆ ಸಂಜೆ ಶಟ್ ಡೌನ್ ಮಾಡಿದ್ದರೂ ಹಲವು ದಿನ ಎಂದು ತೋರಿಸಬಹುದು! ಬೇಗ ಏಳಲೆಂದು ವಿಂಡೋಸ್ ಪೂರ್ತಿ ಆರದೆ ಒಂದಷ್ಟನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುವ ಸೌಲಭ್ಯ ಅದಕ್ಕೆ ಕಾರಣ. ರಿಸ್ಟಾರ್ಟ್ ಕೊಟ್ಟರೆ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಮನೆಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ, ಅನೇಕ ಮಾದರಿಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಫೋನಿನ ವಿವರ ಇರುವ ಜಾಗದಲ್ಲಿ ಅಪ್ ಟೈಮ್ ಸಿಗುತ್ತದೆ. ಅಪ್ಪನನ್ನೋ ಅಮ್ಮನನ್ನೋ ಕೇಳಿ ನೋಡಿ.

ಶಾಲೆಯಲ್ಲಿ ಲಿನಕ್ಸ್ ಕಂಪ್ಯೂಟರ್ ಇದ್ದು, ಅದನ್ನು ದಿನವೂ ಆರಿಸದೆ ಬಿಡುವ ರೂಢಿ ಇದ್ದರೆ, ಪ್ರತಿದಿನ ಪ್ರಾರ್ಥನೆಯ ನಂತರ ಒಬ್ಬರು ಹೋಗಿ ಅಪ್‌ಟೈಮ್ ಕೇಳಿ ಬಂದು ಕಪ್ಪುಹಲಗೆಯ ಮೂಲೆಯಲ್ಲಿ ಹಾಜರಾತಿಯ ಕೆಳಗೆ ಬರೆಯಿರಿ. ಗುರುವಾರ 2 ದಿನ ಎಂದಿದ್ದದ್ದು ಶುಕ್ರವಾರ 40 ನಿಮಿಷ ಆಗಿದ್ದರೆ ರಾತ್ರಿ ಕರೆಂಟು ಹೋಗಿತ್ತೋ, ಯಾರಾದರೂ ಗುಂಡಿ ಒತ್ತಿದರೋ ವಿಚಾರಿಸಿ. ಲಾಸ್ಟ್ ರೀಬೂಟ್ ಎಂಬ ಎರಡು ಪದಗಳ ಆದೇಶ ಕೊಟ್ಟರೆ ಯಂತ್ರ ಹಿಂದೆ ಯಾವ ಯಾವ ದಿನ ಎಷ್ಟು ಗಂಟೆಗೆ ಎದ್ದಿತ್ತು ಎಂಬ ಪಟ್ಟಿಯೇ ಬರುತ್ತದೆ. ಅದನ್ನು ಊರಲ್ಲಿ ಕರೆಂಟು ಹೋಗಿ ಬಂದ ಹೊತ್ತಿನ ಜೊತೆ ಇಟ್ಟು ನೋಡಿ. ಹೊಂದದ ದಿನ ಯಾವುದಾದರೂ ಸಿಕ್ಕಿದರೆ, ಗುಂಡಿ ಒತ್ತಿದವರು ನಿಮ್ಮ ಸರ್ ಆಗಿದ್ದರೂ ಕೇಳಬಹುದು.